ಬಡಕಲಾದ ಕುದುರೆಯ ಆರೈಕೆ: ಏನು ತಿನ್ನಿಸಬೇಕು, ಎಲ್ಲಿ ಇಡಬೇಕು

ಚಾಂದನಿ ನಮ್ಮಲ್ಲಿಗೆ ಬಂದದ್ದು ಮೇ ತಿಂಗಳ ಕೊನೆಗೆ, ಮದುವೆ ಸೀಸನ್ ಮುಗಿಯುವ ಹೊತ್ತಿಗೆ. ಹುಬ್ಬಳ್ಳಿಯಲ್ಲಿ ಮೆರವಣಿಗೆಗೆ ಹೋಗುತ್ತಿದ್ದ ಬಿಳಿ ಹೆಣ್ಣು ಕುದುರೆ. ಜರಿ ಬಟ್ಟೆ ಹೊದಿಸಿದಾಗ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬಟ್ಟೆ ತೆಗೆದರೆ ಪಕ್ಕೆಲುಬು ಒಂದೊಂದಾಗಿ ಎಣಿಸಬಹುದಿತ್ತು. ಅಣ್ಣಿಗೇರಿ ಹತ್ತಿರ ನಮ್ಮ ಅಣ್ಣನ ಹೊಲದ ಮನೆಗೆ ಅವಳನ್ನು ತಂದೆವು. ಗಾಡಿಯಿಂದ ಇಳಿಸುವಷ್ಟರಲ್ಲೇ ಅತ್ತಿಗೆ ಒಂದು ಬಕೆಟ್ ತುಂಬ ಬೇಯಿಸಿದ ಹುರಳಿ, ಮೇಲೆ ಒಂದು ಹೆಂಟೆ ಬೆಲ್ಲ ಹಾಕಿ ತಂದರು. ಹಸಿದ ಜೀವ ಮನೆ ಬಾಗಿಲಿಗೆ ಬಂದರೆ ನಮ್ಮ ಕಡೆ ಮಾಡುವುದೇ ಅದು ಅಲ್ವಾ. ಆಗಲೇ ಡಾಕ್ಟರಿಗೆ ಫೋನ್ ಮಾಡಿದ್ದೆ. ಅವರು ಒಂದೇ ಮಾತು ಹೇಳಿದರು: "ಮೊದಲ ಆ ಬಕೆಟ್ ತಗೀರಿ."

ಆ ಬಕೆಟ್ ತೆಗೆದದ್ದಕ್ಕೇ ಚಾಂದನಿ ಉಳಿದಳು ಅಂತ ನಾನು ಇಂದಿಗೂ ನಂಬಿದ್ದೇನೆ. ಯಾಕೆ ಅನ್ನುವುದನ್ನು ಮುಂದೆ ಬರೆಯುತ್ತೇನೆ. ಮದುವೆ ಕುದುರೆ ಇಟ್ಟವರಿರಲಿ, ಕುರಿ ಹಿಂಡಿನ ಜೊತೆ ತಟ್ಟು ಹೊಡೆದುಕೊಂಡು ಊರೂರು ತಿರುಗುವವರಿರಲಿ, ಆಸೆಪಟ್ಟು ಒಂದು ಕುದುರೆ ಕೊಂಡ ಹುಡುಗರಿರಲಿ, ನಿಮ್ಮ ಕುದುರೆ ಸೊರಗಿದೆ ಅಂತ ಅನಿಸಿದರೆ ಇದನ್ನು ಪೂರ್ತಿ ಓದಿ. ಆಮೇಲೆ ಮೇವಿಗೆ ಕೈ ಹಾಕಿ.

ಕಣ್ಣಿನಿಂದಲ್ಲ, ಕೈಯಿಂದ ನೋಡಿ

ಕುದುರೆ ಸಣ್ಣಗಾಗಿದೆಯೋ ಇಲ್ಲವೋ ಅನ್ನುವುದು ದೂರದಿಂದ ನೋಡಿದರೆ ತಿಳಿಯುವುದಿಲ್ಲ. ಜಂತು ತುಂಬಿದ ಕುದುರೆಯ ಹೊಟ್ಟೆ ಜೋತು ಬಿದ್ದು ದುಂಡಗೆ ಕಾಣುತ್ತದೆ. ಜನ "ಚಲೋ ಐತಿ ಬಿಡ್ರಿ, ಹೊಟ್ಟಿ ತುಂಬೈತಿ" ಅನ್ನುತ್ತಾರೆ. ಹೊಟ್ಟೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಅಂಗೈಯನ್ನು ಸ್ವಲ್ಪ ಒತ್ತಿ ಆರು ಕಡೆ ಮುಟ್ಟಿ ನೋಡಿ: ಕುತ್ತಿಗೆಯ ಮೇಲ್ಭಾಗ, ಕುತ್ತಿಗೆ ಬೆನ್ನು ಸೇರುವ ಕಡೆಯ ಗುಬುಟು, ಭುಜದ ಹಿಂದೆ, ಪಕ್ಕೆಲುಬು, ಸೊಂಟದ ಮೇಲಿನ ಬೆನ್ನು, ಬಾಲದ ಬುಡ. ಇದು 1983ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಡಾನ್ ಹೆನೆಕೆ ಅನ್ನುವವರು ಮಾಡಿದ ಪದ್ಧತಿ. 1ರಿಂದ 9ರವರೆಗೆ ಅಂಕ. ಚರ್ಮದ ಕೆಳಗೆ ಬರೀ ಎಲುಬೇ ಸಿಕ್ಕರೆ 1. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಗೆ ಮಾತ್ರ ಸುಲಭವಾಗಿ ಸಿಕ್ಕರೆ 5. ಎಲ್ಲ ಕಡೆ ಕೊಬ್ಬು ಉಬ್ಬಿದ್ದರೆ 9. ನಮಗೆ ಬೇಕಾದದ್ದು 5ರ ಆಸುಪಾಸು. ಚಾಂದನಿ ಬಂದಾಗ 2 ಇದ್ದಳು.

ಇನ್ನು ತೂಕ. ಕುದುರೆ ತೂಗುವ ಕಾಟಾ ಎಲ್ಲರಿಗೂ ಎಲ್ಲಿ ಸಿಗಬೇಕು. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಭುಜದ ಮುಂದಿನ ತುದಿಯಿಂದ ಪೃಷ್ಠದ ಹಿಂದಿನ ತುದಿಯವರೆಗೆ ಉದ್ದ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಿದರೆ ಕೆಜಿ ಲೆಕ್ಕದಲ್ಲಿ ತೂಕ ಬರುತ್ತದೆ. ಚಾಂದನಿಯ ಸುತ್ತಳತೆ 144, ಉದ್ದ 154. ತೂಕ ಸುಮಾರು 269 ಕೆಜಿ. ಅವಳ ಎಲುಬಿನ ಕಟ್ಟಿಗೆ 340 ಇರಬೇಕಿತ್ತು. ಈ ಲೆಕ್ಕದಲ್ಲಿ ಹತ್ತಿಪ್ಪತ್ತು ಕೆಜಿ ಹೆಚ್ಚುಕಡಿಮೆ ಆಗಬಹುದು, ಪರವಾಗಿಲ್ಲ. ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿಗೆ, ಒಬ್ಬರೇ ಅಳೆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ತಿಳಿಯುತ್ತದೆ. ಅದೇ ಮುಖ್ಯ. ಪಕ್ಕದಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದೇ ಇಲ್ಲ.

ಯಾಕೆ ಸೊರಗಿತು ಅಂತ ಮೊದಲು ಹುಡುಕಿ

ಮೇವು ಸಿಗದೆ ಸೊರಗಿದ ಕುದುರೆ ಬೇರೆ, ತಿಂದೂ ಸೊರಗಿದ ಕುದುರೆ ಬೇರೆ. ಎರಡನೆಯದಕ್ಕೆ ಎಷ್ಟು ಸುರಿದರೂ ಮೈಗೆ ಹತ್ತುವುದಿಲ್ಲ. ಅದಕ್ಕೆ ಪಶುವೈದ್ಯರು ಬರಲೇಬೇಕು. ಯಾರೂ ಗೊತ್ತಿಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ, ಅದು ಪಶುಪಾಲನಾ ಇಲಾಖೆಯ ಸಹಾಯವಾಣಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ನಮ್ಮ ಹಳ್ಳಿಯ ಡಾಕ್ಟರುಗಳು ದಿನಾ ನೋಡುವುದು ಎಮ್ಮೆ, ಆಕಳು, ಕುರಿ. ಕುದುರೆ ನೋಡಿ ರೂಢಿ ಇರುವವರು ಯಾರು ಅಂತ ಅವರನ್ನೇ ನೇರವಾಗಿ ಕೇಳಿ. ಬೇಸರ ಮಾಡಿಕೊಳ್ಳುವುದಿಲ್ಲ, ಹೆಸರು ಹೇಳುತ್ತಾರೆ.

ಹುಬ್ಬಳ್ಳಿಯಲ್ಲಿ ಹಿಂದೆ ಟಾಂಗಾ ಹೊಡೆಯುತ್ತಿದ್ದ ಒಬ್ಬ ಕಾಕಾ ನಮಗೆ ಪರಿಚಯ. ಚಾಂದನಿಯನ್ನು ನೋಡಲು ಬಂದವರು ಮೇವಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಮೊದ್ಲ ಹಲ್ಲು ನೋಡ್ರಿ ತಮ್ಮಾ, ಆಮ್ಯಾಲ ಸಗಣಿ ನೋಡ್ರಿ" ಅಂದರು. ಡಾಕ್ಟರೂ ಅದೇ ಕ್ರಮದಲ್ಲಿ ನೋಡಿದರು. ಕುದುರೆಯ ಹಲ್ಲು ಜೀವನವಿಡೀ ಮೇಲೆ ಬರುತ್ತಲೇ ಇರುತ್ತದೆ, ಸವೆಯುತ್ತಲೇ ಇರುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಮೇಲಿನ ದವಡೆ ಹಲ್ಲಿನ ಹೊರ ಅಂಚು, ಕೆಳಗಿನದರ ಒಳ ಅಂಚು ಸವೆಯದೆ ಚೂರಿಯಂತೆ ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತವೆ. ಆಗ ಕುದುರೆ ಮೇವನ್ನು ಅರ್ಧ ಅಗಿದು ಉಂಡೆ ಮಾಡಿ ಉಗುಳುತ್ತದೆ. ಗೋದಲಿಯ ಕೆಳಗೆ ಒದ್ದೆ ಉಂಡೆಗಳು ಬಿದ್ದಿದ್ದರೆ, ಲದ್ದಿಯಲ್ಲಿ ಉದ್ದುದ್ದ ನಾರು, ಇಡೀ ಕಾಳು ಕಂಡರೆ ಹಲ್ಲಿನದೇ ತೊಂದರೆ ಅಂದುಕೊಳ್ಳಿ. ಡಾಕ್ಟರು ಆ ಚೂಪನ್ನು ಅರದಿಂದ ಉಜ್ಜಿ ತೆಗೆಯುತ್ತಾರೆ. ವರ್ಷಕ್ಕೊಮ್ಮೆ ಬಾಯಿ ತೋರಿಸಲೇಬೇಕು.

ಆಮೇಲೆ ಜಂತು. ಲದ್ದಿಯ ತಾಜಾ ಮಾದರಿಯನ್ನು ಡಾಕ್ಟರಿಗೆ ಕೊಟ್ಟು ಜಂತಿನ ಮೊಟ್ಟೆ ಎಣಿಸಲು ಹೇಳಿ. ಸುಮ್ನೆ ಅಂಗಡಿಯಿಂದ ಔಷಧಿ ತಂದು ಕುಡಿಸಬೇಡಿ. ತೀರಾ ಸೊರಗಿದ ಕುದುರೆಯ ಹೊಟ್ಟೆಯಲ್ಲಿ ಜಂತು ಒಟ್ಟಿಗೇ ಸತ್ತರೆ ಕರುಳಿಗೆ ಅಪಾಯ, ಮರಿಗಳಲ್ಲಂತೂ ಸತ್ತ ಹುಳುಗಳೇ ಕರುಳು ಕಟ್ಟುತ್ತವೆ. ಯಾವಾಗ, ಎಷ್ಟು ಅನ್ನುವುದನ್ನು ತೂಕ ನೋಡಿ ಡಾಕ್ಟರೇ ಹೇಳಲಿ.

ರಕ್ತ ಪರೀಕ್ಷೆಯನ್ನೂ ಬಿಡಬೇಡಿ. ಮಳೆಗಾಲದಲ್ಲಿ ರಕ್ತ ಹೀರುವ ದೊಡ್ಡ ನೊಣಗಳಿಂದ ಸರ್ರಾ ರೋಗ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ರಕ್ತ ಕಡಿಮೆ, ಕಾಲು ಮತ್ತು ಹೊಟ್ಟೆಯ ಕೆಳಗೆ ಬಾವು, ತಿನ್ನುತ್ತಾ ತಿನ್ನುತ್ತಲೇ ಸೊರಗುವುದು. ಈ ರೋಗದ ಜೀವಿಯನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಅನ್ನುವ ಪಶುವೈದ್ಯರು ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲೇ ಕಂಡುಹಿಡಿದದ್ದು. ಅಷ್ಟು ಹಳೆಯ ರೋಗ, ಔಷಧಿಯೂ ಇದೆ, ಆದರೂ ಬರೀ ನಿಶ್ಶಕ್ತಿ ಅಂದುಕೊಂಡು ಟಾನಿಕ್ ಹಾಕುತ್ತಾ ಕೂತರೆ ಕುದುರೆ ಕೈಬಿಟ್ಟು ಹೋಗುತ್ತದೆ. ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳದಿಂದ ಬರುವ ಬಬೇಸಿಯಾ ರೋಗವೂ ಹೀಗೇ ರಕ್ತ ತಿನ್ನುತ್ತದೆ.

ಮೂಗಿನಿಂದ ಗಟ್ಟಿ ಸಿಂಬಳ, ಕಾಲಿನ ಒಳಬದಿಯಲ್ಲಿ ಸಾಲಾಗಿ ಗಂಟು, ಗಂಟು ಒಡೆದು ಹುಣ್ಣು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಅದು ಗ್ಲ್ಯಾಂಡರ್ಸ್ ಇರಬಹುದು. ಮನುಷ್ಯರಿಗೂ ಅಂಟುತ್ತದೆ, ಜೀವ ತೆಗೆಯುತ್ತದೆ. 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪ್ರಕಾರ ಇಲಾಖೆಗೆ ತಿಳಿಸಲೇಬೇಕಾದ ರೋಗ ಇದು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದಲ್ಲಿ ಇದರ ರಕ್ತ ಪರೀಕ್ಷೆ ಮಾಡುತ್ತಾರೆ. ಫಲಿತಾಂಶ ಬರುವವರೆಗೆ ಆ ಕುದುರೆಯನ್ನು ಬೇರೆ ಕಟ್ಟಿ, ನೀರಿನ ತೊಟ್ಟಿಯೂ ಬೇರೆ ಇರಲಿ, ಮುಟ್ಟುವಾಗ ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ.

ಇನ್ನು ಗೊರಸಿನ ನೋವು, ಜೀನು ಉಜ್ಜಿ ಆದ ಗಾಯ, ಹೊಟ್ಟೆಯ ಹುಣ್ಣು, ಹೆಣ್ಣಾಗಿದ್ದರೆ ಗಬ್ಬ, ಇವನ್ನೂ ಒಮ್ಮೆ ನೋಡಿಸಿ. ಧನುರ್ವಾಯು ಲಸಿಕೆ ಹಾಕಿಸಿ. ಕುದುರೆಗೆ ಅದು ಬೇಗ ಬರುವ ರೋಗ.

ಮೊದಲ ಹತ್ತು ದಿನ

ಬಕೆಟ್ ಕಥೆಗೆ ಈಗ ಬರುತ್ತೇನೆ. ಬಹಳ ದಿನ ಉಪವಾಸ ಬಿದ್ದ ಕುದುರೆಯ ಮೈಯಲ್ಲಿ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ತಳ ಕಂಡಿರುತ್ತವೆ. ಅಂಥ ಕುದುರೆಗೆ ಒಮ್ಮೆಲೇ ಕಾಳು, ಮೆಕ್ಕೆಜೋಳ, ಬೆಲ್ಲ ಹಾಕಿದರೆ ಇನ್ಸುಲಿನ್ ಉಕ್ಕುತ್ತದೆ. ರಕ್ತದಲ್ಲಿ ಉಳಿದ ಚೂರುಪಾರು ಲವಣವನ್ನೂ ಜೀವಕೋಶಗಳು ಎಳೆದುಕೊಳ್ಳುತ್ತವೆ. ರಕ್ತ ಬರಿದಾಗಿ ಹೃದಯ, ಶ್ವಾಸಕೋಶ, ಮೂತ್ರಪಿಂಡ ಕೈಕೊಡುತ್ತವೆ. ಇದು ಆಗುವುದು ಆ ಹೊತ್ತಿಗಲ್ಲ, ಮೂರನೇ ದಿನದಿಂದ ಹತ್ತನೇ ದಿನದೊಳಗೆ. ಹಾಗಾಗಿಯೇ ಜನ "ಚಂದಾಗಿ ತಿಂತಿತ್ತರೀ, ಒಮ್ಮಿಂದೊಮ್ಮೆಲೆ ಹೋತು" ಅನ್ನುತ್ತಾರೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಪಶುವೈದ್ಯರು ಉಪವಾಸ ಬಿದ್ದ ಕುದುರೆಗಳಿಗೆ ಬೇರೆ ಬೇರೆ ಮೇವು ಹಾಕಿ ನೋಡಿದ್ದಾರೆ. ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು ಲೂಸರ್ನ್. ನಮ್ಮಲ್ಲಿ ಅದರ ಹೆಸರೇ ಕುದುರೆ ಮೆಂತೆ, ಕೆಲವರು ಕುದುರೆ ಮಸಾಲೆ ಅನ್ನುತ್ತಾರೆ. ಅದರಲ್ಲಿ ಪಿಷ್ಟ, ಸಕ್ಕರೆ ಕಡಿಮೆ, ಪ್ರೋಟೀನ್ ಜಾಸ್ತಿ, ರಂಜಕ ಮತ್ತು ಮೆಗ್ನೀಸಿಯಂ ಕೂಡ ಇವೆ. ಅವರ ಲೆಕ್ಕ 450 ಕೆಜಿಯ ಕುದುರೆಗೆ. ನಮ್ಮ ದೇಶಿ ಅಳತೆಗೆ ಇಳಿಸಿ ನಾವು ಮಾಡಿದ್ದು ಹೀಗೆ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಒಣ ಕುದುರೆ ಮೆಂತೆ 300 ಗ್ರಾಂ, ಹಗಲು ರಾತ್ರಿ ಸೇರಿ ಆರು ಸಲ. ಹಸಿ ಸೊಪ್ಪು ಮಾತ್ರ ಸಿಕ್ಕರೆ ಅದರಲ್ಲಿ ನೀರೇ ಜಾಸ್ತಿ, ತೂಕದಲ್ಲಿ ನಾಲ್ಕು ನಾಲ್ಕೂವರೆ ಪಟ್ಟು ಬೇಕು, ಅಂದರೆ ಒಂದು ಸಲಕ್ಕೆ ಸುಮಾರು 1.3 ಕೆಜಿ, ಕೊಯ್ದು ಸ್ವಲ್ಪ ಬಾಡಿಸಿ ಹಾಕಿ. ನಾಲ್ಕನೇ ದಿನದಿಂದ ಪ್ರಮಾಣ ಏರಿಸುತ್ತಾ, ಸಲಗಳನ್ನು ಕಡಿಮೆ ಮಾಡುತ್ತಾ ಬನ್ನಿ. ಆರನೇ ದಿನದ ಹೊತ್ತಿಗೆ ಎಂಟು ಗಂಟೆಗೊಮ್ಮೆ 1.3 ಕೆಜಿ ಒಣ ಮೇವು, ಅಷ್ಟನ್ನೇ ಹತ್ತನೇ ದಿನದವರೆಗೆ. ಕಾಳು ಇಲ್ಲ, ಬೆಲ್ಲ ಇಲ್ಲ, ಎಣ್ಣೆ ಇಲ್ಲ. ನೀರು ಮಾತ್ರ ಯಾವಾಗಲೂ ಇರಬೇಕು.

ರಾತ್ರಿ ಹನ್ನೆರಡಕ್ಕೆ, ಬೆಳಗಿನ ಜಾವ ನಾಲ್ಕಕ್ಕೆ ಎದ್ದವರು ಅಣ್ಣ ಮತ್ತು ಅತ್ತಿಗೆ. ನಾನು ಶನಿವಾರ, ಭಾನುವಾರ. ತೀರಾ ಕಷ್ಟದ ಮಾತು ಅಂದರೆ ಗೋದಲಿ ನೆಕ್ಕುತ್ತಾ ನಮ್ಮನ್ನೇ ನೋಡುವ ಕುದುರೆಗೆ ಇನ್ನೂ ಹಾಕದೆ ಹಿಂದೆ ತಿರುಗುವುದು. ಅತ್ತಿಗೆ ಎರಡನೇ ರಾತ್ರಿ ಅತ್ತೇಬಿಟ್ಟರು. ಆದರೂ ಹಾಕಲಿಲ್ಲ.

ಒಂದು ಮಾತು. ಈ ಕ್ರಮ ಅಂಕ 1, 2ಕ್ಕೆ ಇಳಿದ, ನಿಜವಾಗಿ ಉಪವಾಸ ಬಿದ್ದ ಕುದುರೆಗೆ, ಅದೂ ಡಾಕ್ಟರ ಕಣ್ಣೆದುರು. ನಿಮ್ಮದು 3 ಅಥವಾ 4 ಇದ್ದು ದಿನಾ ಮೇವು ತಿನ್ನುತ್ತಿದ್ದರೆ ಇಷ್ಟು ಹೆದರಬೇಕಿಲ್ಲ. ನಿಧಾನ ಏರಿಸಿದರೆ ಸಾಕು.

ಮುಂದಿನ ತಿಂಗಳುಗಳ ಮೇವು

ಕುದುರೆ ಎತ್ತಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಹೊಟ್ಟೆ ಚಿಕ್ಕದು, 8ರಿಂದ 15 ಲೀಟರ್ ಹಿಡಿಯುತ್ತದೆ ಅಷ್ಟೇ. ಒಮ್ಮೆಲೇ ಕಾಳು ತುಂಬಿದರೆ ಅರಗದ ಪಿಷ್ಟ ದೊಡ್ಡ ಕರುಳಿಗೆ ಜಾರಿ ಅಲ್ಲಿ ಹುಳಿಯುತ್ತದೆ. ಅದರಿಂದ ಹೊಟ್ಟೆಶೂಲೆ, ಗೊರಸಿನ ಬೇನೆ. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ. ಇನ್ನೊಂದು ಕಡೆ, ಅದರ ಹೊಟ್ಟೆಯಲ್ಲಿ ಆಮ್ಲ ಹಗಲು ರಾತ್ರಿ ಸುರಿಯುತ್ತಲೇ ಇರುತ್ತದೆ, ಹಾಗಾಗಿ ಐದಾರು ಗಂಟೆ ಬರಿ ಹೊಟ್ಟೆಯಲ್ಲಿ ನಿಂತರೆ ಹುಣ್ಣಾಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ, ಮತ್ತು ಕಾಳಿಗಿಂತ ನಾರು ಜಾಸ್ತಿ. ಇರಬೇಕಾದ ತೂಕದ ನೂರಕ್ಕೆ ಎರಡರಿಂದ ಎರಡೂವರೆ ಪಾಲು ಒಣ ಲೆಕ್ಕದ ಮೇವು ಹಾಕಿ. 340 ಕೆಜಿ ಆಗಬೇಕಾದ ಚಾಂದನಿಗೆ ಅದು ದಿನಕ್ಕೆ 7ರಿಂದ 8.5 ಕೆಜಿ.

ನಮ್ಮ ಸೀಮೆಯಲ್ಲಿ ಏನು ಸಿಗುತ್ತದೆ ನೋಡಿ. ಜೋಳದ ಕಣಕಿ ಎಲ್ಲ ಕಡೆ ಇದೆ, ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಕತ್ತರಿಸಿ ಹಾಕದಿದ್ದರೆ ಕುದುರೆ ಗರಿ ತಿಂದು ದಂಟು ಬಿಡುತ್ತದೆ. ಶೇಂಗಾ ಬಳ್ಳಿ ಬಹಳ ಒಳ್ಳೆಯದು. ಅದನ್ನು ಬೇರುಸಮೇತ ಕಿತ್ತಿರುತ್ತಾರೆ, ಮಣ್ಣು ಚೆನ್ನಾಗಿ ಕೊಡವಿ, ಇಲ್ಲದಿದ್ದರೆ ಮಣ್ಣು ಕರುಳಿನಲ್ಲಿ ಕೂತು ಶೂಲೆ ಬರುತ್ತದೆ. ಕುದುರೆ ಮೆಂತೆಯನ್ನು ನೀರಾವರಿ ಇದ್ದವರು ಒಂದು ಮಡಿ ಹಾಕಿಕೊಂಡರೆ ವರ್ಷವಿಡೀ ಕೊಯ್ಯಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಹುಲ್ಲು, ಮೇವಿನ ಬೆಳೆಗಳ ಸಂಶೋಧನಾ ಕೇಂದ್ರ ಇದೆ. ಬೀಜ, ತಳಿ ಯಾವುದು ಅಂತ ಅಲ್ಲಿ ಹೋಗಿ ಕೇಳಿ.

ಹತ್ತು ದಿನದ ಕ್ರಮ ಮುಗಿದ ಮೇಲೆ ಒಂದೊಂದೇ ಸೇರಿಸುತ್ತಾ, ಸುಮಾರು ಒಂದು ತಿಂಗಳ ನಂತರ ಚಾಂದನಿಯ ಒಂದು ದಿನದ ಊಟ ಹೀಗಿತ್ತು: ಕತ್ತರಿಸಿದ ಕಣಕಿ 4 ಕೆಜಿ, ಶೇಂಗಾ ಬಳ್ಳಿ 2 ಕೆಜಿ, ಒಣ ಕುದುರೆ ಮೆಂತೆ ಒಂದೂವರೆ ಕೆಜಿ, ಬೇಯಿಸಿದ ಹುರಳಿ ಒಂದು ಕೆಜಿಯಷ್ಟು ಎರಡು ಹೊತ್ತಿಗೆ ಹಂಚಿ, ಅದರಲ್ಲಿ ಕುಸುಬಿ ಎಣ್ಣೆ, 30 ಗ್ರಾಂ ಉಪ್ಪು, ಕುದುರೆಗೆ ಅಂತಲೇ ಬರುವ ಖನಿಜ ಮಿಶ್ರಣ. ಎಣ್ಣೆಯನ್ನು ಎರಡು ಚಮಚದಿಂದ ಶುರು ಮಾಡಿ ಮೂರು ವಾರದಲ್ಲಿ 150 ಮಿಲಿಗೆ ಏರಿಸಿದೆವು. ಕಾಳು ಹೆಚ್ಚಿಸದೆ ಶಕ್ತಿ ಹೆಚ್ಚಿಸುವುದಕ್ಕೆ ಎಣ್ಣೆಯಷ್ಟು ಸುರಕ್ಷಿತವಾದದ್ದು ಇನ್ನೊಂದಿಲ್ಲ. ಹುರಳಿಯನ್ನು ಹಸಿಯಾಗಿ ಹಾಕಬೇಡಿ, ಬೇಯಿಸಿದರೆ ಅರಗುತ್ತದೆ. ಯಾವ ಮೇವನ್ನೂ ಒಂದೇ ದಿನಕ್ಕೆ ಬದಲಿಸಬೇಡಿ, ವಾರ ಹತ್ತು ದಿನ ತೆಗೆದುಕೊಳ್ಳಿ.

ಈಗ ಹಾಕಬಾರದ್ದು. ಇದನ್ನು ಎರಡು ಸಲ ಓದಿ.

ಬೂಷ್ಟು ಹಿಡಿದ ಮೆಕ್ಕೆಜೋಳ. ಹಾವೇರಿ, ರಾಣೆಬೆನ್ನೂರು, ಹಿರೇಕೆರೂರು ಕಡೆ ಮೆಕ್ಕೆಜೋಳ ಅಗ್ಗಕ್ಕೆ ಸಿಗುತ್ತದೆ. ಮಳೆಗೆ ನೆನೆದ ಮಾಲು ಇನ್ನೂ ಅಗ್ಗ. ಅದರಲ್ಲಿ ಬೆಳೆಯುವ ಒಂದು ಶಿಲೀಂಧ್ರದ ವಿಷ, ಫ್ಯುಮೋನಿಸಿನ್, ಕುದುರೆಯ ಮಿದುಳನ್ನೇ ಕರಗಿಸುತ್ತದೆ. ಕುದುರೆ ದಿಕ್ಕುತಪ್ಪಿ ತಿರುಗುತ್ತದೆ, ತಲೆಯನ್ನು ಗೋಡೆಗೆ ಒತ್ತುತ್ತದೆ, ಕಣ್ಣು ಕಾಣದಂತಾಗುತ್ತದೆ, ಸಾಯುತ್ತದೆ. ಔಷಧಿ ಇಲ್ಲ. ಅದೇ ಮೆಕ್ಕೆಜೋಳ ಎತ್ತಿಗೆ ಏನೂ ಮಾಡದೇ ಇರಬಹುದು. ಎತ್ತು ತಿಂದಿತಲ್ಲ ಅಂತ ಕುದುರೆಗೆ ಹಾಕಬೇಡಿ.

ಹಸುವಿನ ಫೀಡು, ಕೋಳಿ ಫೀಡು. ಕೆಲವದರಲ್ಲಿ ಮೊನೆನ್ಸಿನ್‌ನಂಥ ಔಷಧಿ ಬೆರೆಸಿರುತ್ತಾರೆ. ಹಸುವಿಗೆ, ಕೋಳಿಗೆ ಅದು ಸರಿ, ಕುದುರೆಗೆ ಅದು ಹೃದಯ ನಿಲ್ಲಿಸುವ ವಿಷ. ಯೂರಿಯಾ ಬೆರೆಸಿದ ಮೇವು, ನೆಕ್ಕುವ ಇಟ್ಟಿಗೆಯೂ ಬೇಡ. ಎತ್ತಿಗೆ ಹಾಕುವ ಹತ್ತಿಕಾಳನ್ನೂ ನಾನು ಹಾಕುವುದಿಲ್ಲ.

ಬರೀ ನೇಪಿಯರ್ ಹುಲ್ಲಿನ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಅದರ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಎಲುಬು ಟೊಳ್ಳಾಗುತ್ತದೆ. ಗೋಧಿ ಬೂಸಾ ಜಾಸ್ತಿಯಾದರೂ ಹಾಗೇ, ಅದರಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ಮುಖದ ಎಲುಬು ಊದಿಕೊಂಡ ಕುದುರೆ ನೋಡಿದ್ದರೆ ಅದು ಇದೇ. ಎಳೆಯ ಹಸಿ ಜೋಳವೂ ಕುದುರೆಗೆ ಆಗದು. ಹಿಂಗಾಲು ತೂರಾಡುತ್ತವೆ, ಮೂತ್ರ ಸೋರುತ್ತದೆ.

ಹಾಗಾದರೆ ಎಲ್ಲಿ ಇಡಬೇಕು

ಹುಬ್ಬಳ್ಳಿ-ಧಾರವಾಡದಲ್ಲಿ ಕುದುರೆ ಇಟ್ಟುಕೊಂಡ ಯಾರಿಗಾದರೂ ಈ ಪ್ರಶ್ನೆ ಬರುತ್ತದೆ. ತಿಂಗಳಿಗೆ ಇಷ್ಟು ಅಂತ ಕೊಟ್ಟು ಬೇರೆಯವರ ಲಾಯದಲ್ಲಿ ಬಿಡುವುದೋ, ಮನೆಯಲ್ಲೇ ಕಟ್ಟಿಕೊಳ್ಳುವುದೋ? ಜನ ದುಡ್ಡಿನ ಲೆಕ್ಕ ಹಾಕುತ್ತಾರೆ, ಜಾಗದ ಲೆಕ್ಕ ಹಾಕುತ್ತಾರೆ. ನನಗೆ ತಿಳಿದ ಮಟ್ಟಿಗೆ ಮೊದಲು ಹಾಕಬೇಕಾದ ಲೆಕ್ಕ ಬೇರೆ. ಸಂಜೆ ನಾಲ್ಕಕ್ಕೆ, ರಾತ್ರಿ ಹತ್ತಕ್ಕೆ, ಬೆಳಗಿನ ಜಾವಕ್ಕೆ ಈ ಕುದುರೆಯನ್ನು ಯಾರು ನೋಡುತ್ತಾರೆ? ಆ ವ್ಯಕ್ತಿಯ ಹೆಸರು ಹೇಳಲು ಬಂದರೆ ಆ ಜಾಗ ಸರಿ.

ನಮಗೆ ಇದು ತಿಳಿದದ್ದು ಕಷ್ಟಪಟ್ಟು. ಆಗಸ್ಟ್ ಮಧ್ಯಕ್ಕೆ ಚಾಂದನಿ 305 ಕೆಜಿಗೆ ಬಂದಿದ್ದಳು. ಅಷ್ಟರಲ್ಲಿ ಹೆಸರು ಬಿಡಿಸುವ ಹಂಗಾಮು, ಮನೆಯವರೆಲ್ಲ ಬೆಳಗಾದರೆ ಹೊಲದಲ್ಲಿ. ಎರೆಮಣ್ಣು ಬೇರೆ, ಮಳೆ ಬಿದ್ದರೆ ಮೊಣಕಾಲುದ್ದ ಕೆಸರು. ನಾನಿರುವ ಕಡೆಗೆ ಹತ್ತಿರವಾಗಲಿ ಅಂತ ಹುಬ್ಬಳ್ಳಿ ಹೊರಗಿನ ಒಂದು ಲಾಯದಲ್ಲಿ ಬಿಟ್ಟೆವು. ಸ್ವಚ್ಛ ಜಾಗ, ಒಳ್ಳೆಯ ಮಾತಿನ ಜನ. ದಿನಕ್ಕೆ ನಾಲ್ಕು ಸಲ ಮೇವು ಅಂತ ಒಪ್ಪಿದ್ದರು. ಮೂರು ವಾರ ಕಳೆದು ಟೇಪು ಹಿಡಿದರೆ 294. ಆದದ್ದೇನು ಅಂದರೆ ಹಾಕುತ್ತಿದ್ದದ್ದು ಎರಡೇ ಸಲ, ಅದೂ ಆರು ಕುದುರೆಗಳಿಗೆ ಒಂದೇ ಗೋದಲಿಯಲ್ಲಿ. ಹೊಸದಾಗಿ ಬಂದ, ನಿಶ್ಶಕ್ತ ಕುದುರೆಯನ್ನು ಉಳಿದವು ಒದ್ದು, ಕಚ್ಚಿ ಓಡಿಸುತ್ತವೆ. ಅವಳು ಕೊನೆಗೆ ಉಳಿದ ದಂಟು ತಿನ್ನುತ್ತಿದ್ದಳು. ಅಲ್ಲಿನ ಹುಡುಗನಿಗೆ ಒಬ್ಬನಿಗೇ ಆರು ಕುದುರೆ. ಅವನ ತಪ್ಪು ಅಂತ ನಾನು ಹೇಳುವುದಿಲ್ಲ. ವಾರಕ್ಕೊಮ್ಮೆ ಹೋಗಿ ಕೊರಳು ಸವರಿ ಬರುತ್ತಿದ್ದ ನಾನು ಮೂರು ವಾರ ಟೇಪು ಹಿಡಿಯಲಿಲ್ಲ. ಅದು ನನ್ನ ತಪ್ಪು.

ಹಾಗಂತ ಲಾಯವೇ ಬೇಡ ಅಂತಲ್ಲ. ಧಾರವಾಡದ ನನ್ನ ಗೆಳೆಯನೊಬ್ಬನ ಹತ್ತಿರ ವಯಸ್ಸಾದ ಗಂಡು ಕುದುರೆ ಇದೆ, ಮೇಲಿಂದ ಮೇಲೆ ಶೂಲೆ ಬರುತ್ತದೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ಆರಕ್ಕೆ ಬರುವುದು. ಅವರು ಅದನ್ನು ಲಾಯದಲ್ಲಿ ಇಟ್ಟರು. ಅಲ್ಲಿ ಒಬ್ಬರು ಕುದುರೆಗಳ ಪಕ್ಕದ ಕೋಣೆಯಲ್ಲೇ ಮಲಗುತ್ತಾರೆ. ಒಂದು ರಾತ್ರಿ ಕುದುರೆ ನೆಲ ಕೆರೆಯುವ ಸದ್ದು ಕೇಳಿ ಎದ್ದು, ಡಾಕ್ಟರನ್ನು ಕರೆಸಿ, ಅದನ್ನು ಉಳಿಸಿದರು. ಅದೇ ಕುದುರೆ ಮನೆಯಲ್ಲಿದ್ದಿದ್ದರೆ ಬೆಳಗಾಗುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಲಾಯ ನೋಡಲು ಹೋದಾಗ ಗೋಡೆ, ಗೇಟು ನೋಡಬೇಡಿ. ಹೇಳದೆ ಕೇಳದೆ ಮೇವು ಹಾಕುವ ಹೊತ್ತಿಗೆ ಹೋಗಿ. ಅಲ್ಲಿರುವ ಬೇರೆ ಕುದುರೆಗಳ ಪಕ್ಕೆಲುಬು ಮುಟ್ಟಿ ನೋಡಿ, ನಿಮ್ಮ ಕುದುರೆ ಆರು ತಿಂಗಳಿಗೆ ಹೇಗಿರುತ್ತದೆ ಅನ್ನುವುದು ಅಲ್ಲೇ ತಿಳಿಯುತ್ತದೆ. ಒಬ್ಬ ಕೆಲಸದವರಿಗೆ ಎಷ್ಟು ಕುದುರೆ, ಬೇರೆ ಕಟ್ಟಿ ತಿನ್ನಿಸುತ್ತಾರಾ, ಮೇವು ತೂಗುತ್ತಾರಾ ಅಥವಾ ಸಿವುಡಿನ ಲೆಕ್ಕವಾ, ರಾತ್ರಿ ಯಾರಿರುತ್ತಾರೆ, ನಿಮ್ಮ ಫೋನು ಹತ್ತದಿದ್ದರೆ ಡಾಕ್ಟರನ್ನು ಕರೆಸುವ ಅಧಿಕಾರ ಯಾರಿಗೆ, ಖರ್ಚು ಯಾರದು, ಎಲ್ಲವನ್ನೂ ಕೇಳಿ ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಅಲ್ಲಿನ ಕುದುರೆಗಳ ಗ್ಲ್ಯಾಂಡರ್ಸ್ ರಿಪೋರ್ಟ್ ಕೇಳಿ. ಅವರು ನಿಮ್ಮದನ್ನೂ ಕೇಳಿದರೆ, ಹೊಸ ಕುದುರೆಯನ್ನು ಎರಡು ಮೂರು ವಾರ ದೂರ ಕಟ್ಟುತ್ತೇವೆ ಅಂದರೆ ಸಂತೋಷಪಡಿ. ಅದು ಒಳ್ಳೆಯ ಲಾಯದ ಗುರುತು.

ಮನೆಯಲ್ಲಿ ಇಡುವುದಾದರೆ 12 ಅಡಿಗೆ 12 ಅಡಿಯ ಒಣ, ಗಾಳಿಯಾಡುವ ಕೊಟ್ಟಿಗೆ ಬೇಕು. ಜೊತೆಗೆ ನಾಲ್ಕು ಹೆಜ್ಜೆ ಓಡಾಡುವ ಬಯಲು. ಮುಳ್ಳುತಂತಿ ಬೇಡವೇ ಬೇಡ. ಬಿಸಿಲಿನ ದಿನ 25ರಿಂದ 30 ಲೀಟರ್ ನೀರು ಕುಡಿಯುತ್ತದೆ. ನಮ್ಮ ಊರುಗಳಲ್ಲಿ ನಳದ ನೀರು ಎಲ್ಲರಿಗೂ ದಿನಾ ಬರುವುದಿಲ್ಲ, ಅದಕ್ಕೊಂದು ಟಾಕಿ ಇಡಿ. ತಿಂಗಳಿಗೆ ಎರಡೂವರೆ ಕ್ವಿಂಟಲ್ ಒಣ ಮೇವು ಬೇಕು. ಸುಗ್ಗಿಯಲ್ಲಿ ಬಣವೆ ಒಟ್ಟಿ ಇಟ್ಟುಕೊಳ್ಳದಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಬೆಲೆ ಕೇಳಿ ಎದೆ ಒಡೆಯುತ್ತದೆ. ದಿನಕ್ಕೆ 12ರಿಂದ 15 ಕೆಜಿ ಲದ್ದಿ ಬೀಳುತ್ತದೆ. ಹಳ್ಳಿಯಲ್ಲಿ ತಿಪ್ಪೆಗೆ ಹೋಗುತ್ತದೆ, ಬಡಾವಣೆಯಲ್ಲಾದರೆ ಎಲ್ಲಿ ಹಾಕುತ್ತೀರಿ ಅಂತ ಮೊದಲೇ ಯೋಚಿಸಿ. ಪಕ್ಕದ ಮನೆಯವರ ಜೊತೆಗೂ ಮೊದಲೇ ಮಾತಾಡಿ. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲು, ಲಾಳ ಬಡಿಯಲು ಬರುವವರು ಯಾರು ಅಂತ ಗೊತ್ತಿರಲಿ. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಕುದುರೆ ಹಿಂಡಿನ ಪ್ರಾಣಿ. ಒಂಟಿಯಾಗಿ ಕಟ್ಟಿದರೆ ಮೇವು ಬಿಟ್ಟು ಬಾಗಿಲ ಕಡೆ ನೋಡುತ್ತಾ ನಿಲ್ಲುತ್ತದೆ. ಇನ್ನೊಂದು ಕುದುರೆ ಇಲ್ಲದಿದ್ದರೆ ಆಡಾದರೂ ಜೊತೆಗಿರಲಿ. ಚಾಂದನಿಗೆ ಅಣ್ಣನ ಮನೆಯ ಎರಡು ಆಡು ಸಾಕಾದವು.

ಯಾರೇ ನೋಡಿಕೊಳ್ಳಲಿ, ಈ ಗುರುತುಗಳು ಅವರಿಗೆ ಬಾಯಿಪಾಠ ಇರಬೇಕು: ನೆಲ ಕೆರೆಯುವುದು, ತಿರುಗಿ ತಿರುಗಿ ಹೊಟ್ಟೆ ನೋಡುವುದು, ಹೊರಳಾಡುವುದು, ಲದ್ದಿ ಹಾಕದಿರುವುದು, ಮೇವು ಮೂಸಿ ಬಿಡುವುದು. ಸುಮ್ಮನೆ ನಿಂತಾಗ ಎದೆಬಡಿತ ನಿಮಿಷಕ್ಕೆ 28ರಿಂದ 44 ಇರಬೇಕು. 60 ದಾಟಿದರೆ ಅಥವಾ ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಎಷ್ಟು ದಿನ ಹಿಡಿಯುತ್ತದೆ

ತೀರಾ ಉಪವಾಸ ಬಿದ್ದ ಕುದುರೆ ಮೊದಲಿನಂತಾಗಲು ಆರರಿಂದ ಹತ್ತು ತಿಂಗಳು ಬೇಕು. ದಿನಕ್ಕೆ ಕಾಲು ಕೆಜಿ, ಅರ್ಧ ಕೆಜಿ ಏರಿದರೆ ಅದು ಚೆನ್ನಾಗಿಯೇ ಏರುತ್ತಿದೆ. ಬೇಗ ಏರಲಿ ಅಂತ ಕಾಳು ಸುರಿಯಬೇಡಿ. ಮೊದಲ ತಿಂಗಳು ಹಗ್ಗ ಹಿಡಿದು ಹತ್ತು ಹದಿನೈದು ನಿಮಿಷ ನಡೆಸುವುದು ಮಾತ್ರ. ಅಂಕ 4 ದಾಟಿ, ಬೆನ್ನಿನ ಎರಡೂ ಕಡೆ ಮಾಂಸ ತುಂಬುವವರೆಗೆ ಜೀನು ಹಾಕಬೇಡಿ, ಗಾಡಿಗೆ ಕಟ್ಟಬೇಡಿ. ಮದುವೆ ಬುಕಿಂಗ್ ಬಂದರೂ ಬೇಡ ಅನ್ನಿ. ಹೊಟ್ಟೆಪಾಡಿನ ಪ್ರಶ್ನೆ ಅಂತ ನನಗೆ ಗೊತ್ತು, ಆದರೂ ಕೇಳಿಕೊಳ್ಳುತ್ತೇನೆ. ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿ ಇಲ್ಲದ ಪ್ರಾಣಿಯಿಂದ ಕೆಲಸ ಮಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ.

ಒಂದು ಕಡೆಯಿಂದ ಇನ್ನೊಂದು ಕಡೆ ಸಾಗಿಸುವಾಗ ಹಳೆಯ ಜಾಗದ ಮೇವನ್ನೇ ಹತ್ತು ದಿನಕ್ಕೆ ಸಾಕಾಗುವಷ್ಟು ಜೊತೆಗೆ ಹೊತ್ತುಕೊಂಡು ಹೋಗಿ, ಹೊಸದನ್ನು ಅದರಲ್ಲೇ ಬೆರೆಸುತ್ತಾ ಬನ್ನಿ. ಬಿಸಿಲೇರುವ ಮುಂಚೆ ಹೊರಡಿ. ಚಾಂದನಿಯನ್ನು ಸೆಪ್ಟೆಂಬರಿನಲ್ಲಿ ಮರಳಿ ಕರೆದೊಯ್ದಾಗ ನಾವು ಹಾಗೇ ಮಾಡಿದೆವು. ಹೆಸರಿನ ರಾಶಿ ಮುಗಿದಿತ್ತು. ಕೆಸರಿನ ಜಾಗಕ್ಕೆ ಅಣ್ಣ ಎರಡು ಟ್ರಾಲಿ ಗರಸು ಹಾಕಿಸಿದ್ದ. ಮಧ್ಯಾಹ್ನ ಮೇವು ಹಾಕಲು ಪಕ್ಕದ ಹೊಲದ ಅಜ್ಜಿಯನ್ನು ಒಪ್ಪಿಸಿದ್ದೆವು, ಅವರು ಒಂದು ದಿನವೂ ತಪ್ಪಿಸಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಟೇಪು ಹಿಡಿದಾಗ ಸುತ್ತಳತೆ 158, ತೂಕ 324. ಇನ್ನೂ ಹದಿನೈದು ಕೆಜಿ ಬಾಕಿ ಇದೆ. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಅಳೆಯುತ್ತಿದ್ದೇವೆ.